ಗೋಡೆ ಪಕ್ಕದ ಕ್ಯಾರೆಟ್ ಪಾತಿ

ಮೈಸೂರಿನ ನಮ್ಮ ಹಿತ್ತಲಲ್ಲಿ ಚೆನ್ನಾಗಿ ಬಿಸಿಲು ಬೀಳುವುದು ಗೋಡೆ ಪಕ್ಕದ ಜಾಗಕ್ಕೆ ಮಾತ್ರ. ಅಲ್ಲೇ ಪಾತಿ ಮಾಡಿ ಕ್ಯಾರೆಟ್, ಟೊಮೆಟೊ ಹಾಕಿದ್ದೆ. ಕ್ಯಾರೆಟ್ ಕಿತ್ತು, ನಲ್ಲಿ ಕೆಳಗೆ ತೊಳೆದು ಮಗಳ ಕೈಗೆ ಕೊಡುತ್ತಿದ್ದೆ. ಅವಳು ಸಿಪ್ಪೆ ಸಮೇತ ಕಚ್ಚಿ ತಿನ್ನುತ್ತಿದ್ದಳು.

ಒಂದು ದಿನ ಪಕ್ಕದ ಮನೆ ಆಂಟಿ ಕೇಳಿದರು, "ಹೋದ ವರ್ಷ ಇದೇ ಗೋಡೆ ಬುಡಕ್ಕೆ ಗೆದ್ದಲಿನ ಔಷಧಿ ಬಿಡಿಸಿದ್ರಿ ಅಲ್ವಾ?"

ಎದೆ ಧಸಕ್ಕೆಂದಿತು. ಬಿಡಿಸಿದ್ದು ಕ್ಲೋರ್‌ಪೈರಿಫಾಸ್. ಹೊಲಕ್ಕೆ ಹಾಕುವ ಪ್ರಮಾಣವಾದರೆ ಕೆಲವು ತಿಂಗಳಲ್ಲಿ ಬಹಳಷ್ಟು ಕಡಿಮೆಯಾಗುತ್ತದೆ, ಆದರೆ ಗೆದ್ದಲಿಗೆ ಅಂತ ಬುಡಕ್ಕೆ ಸುರಿಯುವುದು 1% ದ್ರಾವಣ, ಅದು ವರ್ಷಗಟ್ಟಲೆ ಉಳಿಯಲಿ ಅಂತಲೇ ಸುರಿಯುವುದು.

ಕ್ಯಾರೆಟ್ಟಿನ ಸಿಪ್ಪೆ ಬೇರೆ, ತಿರುಳು ಬೇರೆ ಮಾಡಿ ಲ್ಯಾಬಿಗೆ ಕೊಟ್ಟೆ, ಜೊತೆಗೆ ಅದೇ ಪಾತಿಯ ಟೊಮೆಟೊ. ಖರ್ಚು ಜಾಸ್ತಿನೇ ಆಯಿತು. ಸಿಪ್ಪೆಯಲ್ಲಿ ಔಷಧಿ ಚೆನ್ನಾಗಿಯೇ ಇತ್ತು, ತಿರುಳಿನಲ್ಲಿ ಸ್ವಲ್ಪ, ಟೊಮೆಟೊದಲ್ಲಿ ಸಿಗಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಈ ಔಷಧಿ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಎಣ್ಣೆ ಅಂಶ ಕಂಡರೆ ಅಂಟಿಕೊಳ್ಳುತ್ತದೆ. ಕ್ಯಾರೆಟ್ಟಿನ ಹೊರಪದರದಲ್ಲಿ ಸಣ್ಣ ಸಣ್ಣ ಎಣ್ಣೆ ನಾಳಗಳಿವೆ. ಮೇಲಾಗಿ ಇಡೀ ಗೆಡ್ಡೆ ಮೂರು ತಿಂಗಳು ಆ ಮಣ್ಣನ್ನೇ ಒತ್ತಿಕೊಂಡು ಬೆಳೆಯುತ್ತದೆ. ಟೊಮೆಟೊ ಹಣ್ಣಿಗೆ ಅದು ನೀರಿನ ಜೊತೆ ಬೇರಿನಿಂದ ಮೇಲಕ್ಕೆ ಹತ್ತಬೇಕು, ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಸುಮ್ನೆ ತೊಳೆದರೆ ಹೋಗುವಂಥದ್ದಲ್ಲ, ಹೆರೆದರೆ ಬಹುಪಾಲು ಸಿಪ್ಪೆ ಜೊತೆ ಹೋಗುತ್ತದೆ. ಗೊಬ್ಬರ ಚೆನ್ನಾಗಿರುವ ಮಣ್ಣು ಔಷಧಿಯನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಮರಳು ಮಣ್ಣು ಗೆಡ್ಡೆಗೆ ಬಿಟ್ಟುಕೊಡುತ್ತದೆ. ನಾನು ಕ್ಯಾರೆಟ್ ನೇರವಾಗಿ ಇಳಿಯಲಿ ಅಂತ ಎರಡು ಮೂಟೆ ಮರಳು ಬೆರೆಸಿದ್ದೆ.

ಎಲ್ಲಾ ಕಿತ್ತು ಹಾಕಿದೆ. ಗೊಬ್ಬರದ ಗುಂಡಿಗೂ ಹಾಕಲಿಲ್ಲ, ಹಸುವಿಗೂ ಕೊಡಲಿಲ್ಲ. ಗೋಡೆ ಪಕ್ಕ ಈಗ ದಾಸವಾಳ, ನಂದಿಬಟ್ಟಲು ಇವೆ. ಕ್ಯಾರೆಟ್, ಮೂಲಂಗಿ ತಾರಸಿ ಮೇಲಿನ ಚೀಲಗಳಿಗೆ ಹೋದವು.

ಚೀಲಕ್ಕೆ ಊರಿನ ಹಳೇ ಮನೆ ಜಾಗದ ಮಣ್ಣು ತರೋಣ ಅಂದರು ಅಪ್ಪ. ಆ ಮನೆಗೆ ಹಿಂದೆ ಗೆದ್ದಲಿಗೆ ಏನು ಹಾಕಿದ್ದಿರಿ ಅಂತ ಕೇಳಿದೆ. ಆಲ್ಡ್ರಿನ್! ನಮ್ಮ ದೇಶದಲ್ಲಿ ಅದು 1996ರಲ್ಲೇ ನಿಷೇಧವಾಗಿದೆ, ಆದರೆ ಮಣ್ಣಿನಲ್ಲಿ ಡೀಲ್ಡ್ರಿನ್ ಅನ್ನೋ ಇನ್ನೊಂದು ವಿಷವಾಗಿ ಬದಲಾಗಿ ದಶಕಗಟ್ಟಲೆ ಉಳಿಯಬಲ್ಲದು. ಬೇಡ ಅಂದೆ. ಯಾವತ್ತೂ ಔಷಧಿ ಬೀಳದ, ಮನೆಯಿಂದ ದೂರದ ಹುಣಸೆಮರದ ಹತ್ತಿರದ ಮಣ್ಣು ತಂದೆವು.

ಈ ಸಲದ ಮೊದಲ ಕ್ಯಾರೆಟ್‌ಗಳನ್ನು ಲ್ಯಾಬಿಗೇ ಕೊಟ್ಟೆ. ಏನೂ ಸಿಗಲಿಲ್ಲ. ಆ ಕಾಗದ ಕೈಗೆ ಬಂದ ಮೇಲೆಯೇ ಮಗಳನ್ನು ತಾರಸಿಗೆ ಕರೆದುಕೊಂಡು ಹೋದೆ.