ಸ್ಟಾಫ್ ಬಿಟ್ಟು ಹೋಗಿಲ್ಲ ಅಂದ್ರೆ ಖುಷಿಯಾಗಿದ್ದಾರೆ ಅಂತಲ್ಲ

ಕಲಬುರಗಿ ಕಡೆಯ ಸರ್ಕಾರಿ ಬ್ಯಾಂಕ್ ಶಾಖೆಗೆ ಮ್ಯಾನೇಜರ್ ಆಗಿ ಬಂದಿದ್ದೀರಾ? 'ಇಲ್ಲಿ ಯಾರೂ ರಾಜೀನಾಮೆ ಕೊಟ್ಟಿಲ್ಲ ಸರ್' ಎಂಬ ಮಾತಿಗೆ ನೆಮ್ಮದಿ ಪಡಬೇಡಿ. ಸರ್ಕಾರಿ ಬ್ಯಾಂಕ್ ಬಿಡುವವರು ಕಡಿಮೆ. ಕಡಿಮೆ ಬಡ್ಡಿಯ ಮನೆ ಸಾಲ, ಮಕ್ಕಳ ಶಾಲೆ, ಹತ್ತಿರದ ಊರು, ಎಲ್ಲವೂ ಕಟ್ಟಿಹಾಕಿರುತ್ತವೆ. ಮೇಯರ್ ಮತ್ತು ಅಲೆನ್ ಎಂಬ ಸಂಶೋಧಕರು 1991ರಲ್ಲಿ ಹೀಗೆ ಕೆಲಸದಲ್ಲಿ ಉಳಿಯುವುದನ್ನು ಮೂರಾಗಿ ಬಿಡಿಸಿದರು: ಇಷ್ಟಪಟ್ಟು ಉಳಿಯುವುದು, ಬಿಟ್ಟರೆ ನಷ್ಟವೆಂದು ಉಳಿಯುವುದು, ಬಿಡುವುದು ಸರಿಯಲ್ಲವೆಂದು ಉಳಿಯುವುದು. ಕೆಲಸದ ತೃಪ್ತಿ ಹೆಚ್ಚಾಗಿ ಕೂಡಿಕೊಳ್ಳುವುದು ಮೊದಲನೆಯದರ ಜೊತೆ.

ಯಾರು ಯಾವ ಥರ ಅಂತ ತಿಳಿಯಬೇಕಾ? ತೊಗರಿ ಮಾರಿದ ದುಡ್ಡು ಬರುವ ದಿನಗಳಲ್ಲಿ ಕೌಂಟರ್ ಪಕ್ಕ ಸುಮ್ನೆ ನಿಲ್ಲಿ. ಆಳಂದ ಕಡೆಯ ಅಜ್ಜ ಪಾಸ್‌ಬುಕ್ ಹಿಡಿದು ನಿಂತಿರುತ್ತಾನೆ. 'ಸರ್ವರ್ ಇಲ್ಲ, ನಾಳೆ ಬಾ' ಎನ್ನುವವರು ಒಬ್ಬರು. 'ಕೂಡ್ರಿ ಯಪ್ಪಾ, ಇನ್ನೊಮ್ಮೆ ನೋಡ್ತೀನಿ' ಎನ್ನುವವರು ಇನ್ನೊಬ್ಬರು. ಇಬ್ಬರ ಸಂಬಳವೂ ಒಂದೇ.

ಸಂಬಳ ನಿಮ್ಮ ಕೈಯಲ್ಲಿಲ್ಲ. ಅದು ಬ್ಯಾಂಕುಗಳ ಸಂಘ ಮತ್ತು ಯೂನಿಯನ್‌ಗಳ ನಡುವಿನ ದ್ವಿಪಕ್ಷೀಯ ಒಪ್ಪಂದದ ಮಾತು. 12ನೆಯದಕ್ಕೆ 2024ರ ಮಾರ್ಚ್‌ನಲ್ಲಿ ಸಹಿಯಾಯಿತು. ಟ್ರಾನ್ಸ್‌ಫರ್ ಕೂಡ ಮೇಲಿನವರದ್ದು. ಇವೆರಡರ ಬಗ್ಗೆ ಭರವಸೆ ಕೊಡಲೇಬೇಡಿ.

ರಜೆ ನಿಮ್ಮ ಕೈಯಲ್ಲಿದೆ. ಶರಣಬಸವೇಶ್ವರ ಜಾತ್ರೆ ಹೆಚ್ಚಾಗಿ ಮಾರ್ಚ್ ಕ್ಲೋಸಿಂಗ್ ಗಡಿಬಿಡಿಯಲ್ಲೇ ಬರುತ್ತದೆ. ತೇರಿನ ಸಂಜೆ ಎಲ್ಲರಿಗೂ ಬೇಗ ಹೋಗಬೇಕು. ಫೆಬ್ರವರಿಯಲ್ಲೇ ಎಲ್ಲರನ್ನೂ ಕೂರಿಸಿ, ಯಾರು ಹೋಗ್ತಾರೆ, ಯಾರು ನಿಲ್ತಾರೆ ಅಂತ ಅವರಿಂದಲೇ ಬರೆಸಿ. ಈ ಸಲ ನಿಂತವರು ಬರುವ ವರ್ಷ ಮೊದಲು. ನಿಮ್ಮ ಹೆಸರನ್ನೂ ಆ ಪಟ್ಟಿಗೆ ಸೇರಿಸಿ. ಸಾಹೇಬರು ಮಾತ್ರ ಹೊರಟರೆ ಪಟ್ಟಿ ಕಸದ ಬುಟ್ಟಿಗೆ ಹೋಯಿತು ಅಂತಲೇ ಲೆಕ್ಕ.

ಆಮೇಲೆ ಕ್ಯಾಶ್ ಸೀಟು. ದುಡ್ಡು ಕಡಿಮೆ ಬಿದ್ದರೆ ಕ್ಯಾಷಿಯರ್ ಜೇಬಿಗೇ ಕತ್ತರಿ. ಸಂಜೆ ಟ್ಯಾಲಿ ಆಗದಿದ್ದಾಗ ನೀವು ಬ್ಯಾಗ್ ಹೆಗಲಿಗೇರಿಸಬೇಡಿ, ಪಕ್ಕ ಕೂತು ವೋಚರ್ ತಿರುವಿ. ಒಬ್ಬರನ್ನೇ ಅಲ್ಲಿ ವರ್ಷಗಟ್ಟಲೆ ಕೂರಿಸಲೂಬೇಡಿ. ಸಾಲದ ಕೆಲಸ ಕಲಿಯಬೇಕು ಎನ್ನುವ ಹುಡುಗಿಗೆ ಕೆಸಿಸಿ (ರೈತರ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ) ಫೈಲು ಕೊಡಿ. ಬಡ್ತಿ ಪರೀಕ್ಷೆಗೂ ಅದೇ ನೆರವಾಗುತ್ತದೆ.

ಇನ್ಶೂರೆನ್ಸ್ ಟಾರ್ಗೆಟ್ ತಪ್ಪಿದವರ ಹೆಸರನ್ನು ಬೆಳಬೆಳಗ್ಗೆ ವಾಟ್ಸಾಪ್ ಗ್ರೂಪಿನಲ್ಲಿ ಹಾಕುವ ಚಾಳಿ ಇದ್ದರೆ ಇವತ್ತೇ ನಿಲ್ಲಿಸಿ. ಹೇಳುವುದಿದ್ದರೆ ಕ್ಯಾಬಿನ್‌ಗೆ ಕರೆದು, ಬಾಗಿಲು ಹಾಕಿ ಹೇಳಿ.