ಹೂಕುಂಡದ ಮೇಲಿನ ಸಂಸಾರ

ಕಿತ್ತಳೆ ಮೈಮೇಲೆ ಬಿಳಿ ಪಟ್ಟಿಗಳಿರುವ ಕ್ಲೌನ್ ಮೀನು ಸಾಕುವ ಆಸೆಯಿಂದ ಉಪ್ಪುನೀರಿನ ಅಕ್ವೇರಿಯಂ ಇಟ್ಟೆ. ಮೊದಲ ಐದು ವಾರ ಅದರಲ್ಲಿ ಮೀನೇ ಇರಲಿಲ್ಲ. ನೋಡಿದವರು ನಕ್ಕರು. ದಿನವೂ ಖಾಲಿ ನೀರಿಗೆ ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದೆ. ಅದು ಕೊಳೆತು ಮೀನಿಗೆ ವಿಷವಾದ ಅಮೋನಿಯಾ ಹುಟ್ಟಬೇಕು, ಅದನ್ನು ನೈಟ್ರೈಟ್ ಆಗಿಸುವ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾಗಳು ಕಲ್ಲು, ಮರಳಿನಲ್ಲಿ ನೆಲೆಯೂರಬೇಕು. ಪರೀಕ್ಷೆಯಲ್ಲಿ ಮೊದಲೆರಡೂ ಸೊನ್ನೆಗೆ ಇಳಿದ ಮೇಲೆಯೇ ಎರಡು ಎಳೆಯ ಮೀನುಗಳನ್ನು ಬಿಟ್ಟೆ.

ಇಷ್ಟು ತಾಳ್ಮೆ ತೋರಿಸಿದವನು ಎಡವಿದ್ದು ಬಕೆಟ್ ಹಿಡಿದಾಗ. ನೀರಿನ ಮಟ್ಟ ಇಳಿದಾಗಲೆಲ್ಲ ಉಪ್ಪುನೀರನ್ನೇ ಸುರಿದೆ. ಆವಿಯಾಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ ಎಂದು ಶಾಲೆಯಲ್ಲಿ ಓದಿದ್ದು ನೆನಪಾಗಲೇ ಇಲ್ಲ. 1.025ರ ಆಸುಪಾಸಿನಲ್ಲಿರಬೇಕಾದ ಸಾಂದ್ರತೆ, ನೀರಿನ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ 1.030 ತೋರಿಸಿತು. ಮೀನುಗಳು ಮೂಲೆ ಹಿಡಿದಿದ್ದವು. ಗಡಿಬಿಡಿ ಮಾಡದೆ ಮೂರು ದಿನ ಸ್ವಲ್ಪ ಸ್ವಲ್ಪವೇ ಸಿಹಿನೀರು ಬೆರೆಸಿ ಇಳಿಸಿದೆ. ಈಗ ಗಾಜಿನ ಮೇಲೊಂದು ಗೆರೆಯಿದೆ. ದಿನವೂ ಬೆಳಗ್ಗೆ ಅಲ್ಲಿಯವರೆಗೆ ಉಪ್ಪಿಲ್ಲದ ಆರ್‌ಒ ನೀರು ತುಂಬಿಸುತ್ತೇನೆ.

ಗಂಡು ಹೆಣ್ಣು ಆರಿಸುವ ಗೊಡವೆ ಈ ಮೀನಿನಲ್ಲಿ ಇಲ್ಲ. ಎಲ್ಲವೂ ಮೊದಲು ಗಂಡೇ. ಜೋಡಿಯಲ್ಲಿ ಮೇಲುಗೈ ಸಾಧಿಸಿದ್ದು ಹೆಣ್ಣಾಗುತ್ತದೆ. ದೊಡ್ಡದು ಹತ್ತಿರ ಬಂದರೆ ಸಾಕು, ಚಿಕ್ಕದು ಪಕ್ಕಕ್ಕೆ ವಾಲಿ ಚಳಿಜ್ವರ ಬಂದಂತೆ ನಡುಗುತ್ತಿತ್ತು. ಕಾಯಿಲೆಯೆಂದು ಹೆದರಿ ಔಷಧಿಗೆ ಹುಡುಕಾಡಿದ್ದೆ. ಅದು ಯಜಮಾನಿಗೆ ಹೊಡೆಯುವ ಸಲಾಮು ಎಂದು ತಿಳಿದದ್ದು ಆಮೇಲೆ.

ಸಮುದ್ರದಲ್ಲಿ ಈ ಮೀನುಗಳಿಗೆ ಮನೆಯಾಗುವ, ಹೂವಿನಂತೆ ಕಾಣುವ ಜೀವಿ ಅನಿಮೋನ್ ಎಲ್ಲಿ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಪ್ರಖರ ಬೆಳಕೂ ಹಳೆಯದಾಗಿ ಹದಗೊಂಡ ನೀರೂ ಬೇಕು; ಸತ್ತರೆ ತೊಟ್ಟಿಯನ್ನೇ ಕೆಡಿಸುತ್ತದೆ. ಅದಿಲ್ಲದೆಯೂ ಈ ಮೀನುಗಳು ಸುಖವಾಗಿರುತ್ತವೆ. ನನ್ನವು ಮಗುಚಿಟ್ಟ ಪುಟ್ಟ ಮಣ್ಣಿನ ಹೂಕುಂಡವನ್ನು ಮನೆ ಮಾಡಿಕೊಂಡವು.

ಒಂದೂವರೆ ವರ್ಷದ ನಂತರ ಒಂದು ದಿನ ಎರಡೂ ಸೇರಿ ಕುಂಡವನ್ನು ಬಾಯಿಂದ ಉಜ್ಜಿ ಉಜ್ಜಿ ತೊಳೆದವು. ಸಂಜೆಗೆ ಅದರ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆಗಳ ಹಾಸು. ಗಂಡು ಹಗಲೆಲ್ಲ ರೆಕ್ಕೆ ಬೀಸಿ ಗಾಳಿ ಹಾಕಿತು, ಕೆಟ್ಟ ಮೊಟ್ಟೆಗಳನ್ನು ಹೆಕ್ಕಿ ತೆಗೆಯಿತು. ಗಾಜು ಒರೆಸಲು ಕೈ ಇಳಿಸಿದರೆ ಹೆಣ್ಣು ಬೆರಳು ಕಚ್ಚಿತು. ದಿನಗಳೆದಂತೆ ಮೊಟ್ಟೆಗಳು ಕಪ್ಪಾಗಿ, ಒಂದೊಂದರಲ್ಲೂ ಬೆಳ್ಳಿಯ ಚುಕ್ಕೆಯಂಥ ಎರಡು ಕಣ್ಣು ಹೊಳೆದವು. ಎಂಟನೆಯ ರಾತ್ರಿ ದೀಪ ಆರಿಸಿದ ಮೇಲೆ ಒಡೆದವು. ಬೆಳಗಾಗುವಷ್ಟರಲ್ಲಿ ಒಂದು ಮರಿಯೂ ಇರಲಿಲ್ಲ. ಎಲ್ಲವೂ ಫಿಲ್ಟರಿನ ಪಾಲು.

ಮುಂದಿನ ಸಲ ಒಡೆಯುವ ರಾತ್ರಿಯೇ ಕುಂಡವನ್ನು ನೀರಿನಿಂದ ಹೊರತೆಗೆಯದೆ ಚಿಕ್ಕ ತೊಟ್ಟಿಗೆ ಸಾಗಿಸಿದೆ. ಮರಿಗಳ ಬಾಯಿಗೆ ಹಿಡಿಸುವ ಸೂಕ್ಷ್ಮಜೀವಿ ರೋಟಿಫರ್‌ಗಳನ್ನು ಹಸಿರು ಪಾಚಿ ಹಾಕಿ ಮೊದಲೇ ಬೆಳೆಸಿಟ್ಟಿದ್ದೆ. ನೂರಾರು ಮರಿಗಳಲ್ಲಿ ಉಳಿದವು ಹನ್ನೊಂದು. ಎರಡನೆಯ ವಾರ ಭೂತಗನ್ನಡಿ ಹಿಡಿದು ನೋಡಿದರೆ, ಒಂದರ ಕಣ್ಣಿನ ಹಿಂದೆ ತೆಳ್ಳಗೆ ಬಿಳಿ ಪಟ್ಟಿ ಮೂಡಿತ್ತು.