ಮೊದಲು ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ: ಹಳೆ ಡಿಸ್ಕ್‌ನಿಂದ ಹೊಸದಕ್ಕೆ ಹೋಗುವ ಬಗೆ

ಅಕ್ಕನ ಲ್ಯಾಪ್‌ಟಾಪ್ ಆನ್ ಮಾಡಿ, ಮುಖ ತೊಳೆದು ಬಂದರೂ ವಿಂಡೋಸ್ ಇನ್ನೂ ತಿಣುಕುತ್ತಿರುತ್ತಿತ್ತು. ಒಳಗಿದ್ದದ್ದು 500 ಜಿಬಿಯ ಹಳೆ ಹಾರ್ಡ್ ಡಿಸ್ಕ್. ಹೋದ ಭಾನುವಾರ ಅದನ್ನು ತೆಗೆದು 1 ಟಿಬಿಯ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್) ಹಾಕಿಕೊಟ್ಟೆ. ಅವಳ ಫೋಟೋ, ಸಾಫ್ಟ್‌ವೇರ್, ಡೆಸ್ಕ್‌ಟಾಪ್ ಮೇಲಿನ ಐಕಾನ್‌ಗಳ ಸಾಲು, ಎಲ್ಲ ಇದ್ದ ಹಾಗೇ ಬಂತು. ನೀವೂ ಮನೆಯಲ್ಲೇ ಮಾಡಬಹುದು.

ಸುಮ್ನೆ ಫೈಲ್‌ಗಳನ್ನು ಕಾಪಿ ಮಾಡಿದರೆ ಹೊಸ ಡಿಸ್ಕ್‌ನಿಂದ ವಿಂಡೋಸ್ ಶುರುವಾಗುವುದಿಲ್ಲ. ಸಿ ಡ್ರೈವ್ ಪಕ್ಕದಲ್ಲಿ ಕಣ್ಣಿಗೆ ಕಾಣದ ಪಾರ್ಟಿಷನ್‌ಗಳು, ಅಂದರೆ ಡಿಸ್ಕಿನ ಬೇರೆ ಬೇರೆ ಭಾಗಗಳು, ಇರುತ್ತವೆ. ವಿಂಡೋಸ್ ಬೂಟ್ ಮಾಡಿಸುವ, ಅಂದರೆ ಶುರು ಮಾಡಿಸುವ ಇಎಫ್‌ಐ ಪಾರ್ಟಿಷನ್ ಸಾಮಾನ್ಯವಾಗಿ 100 ಎಂಬಿಯಷ್ಟು ಪುಟ್ಟದು, ಆದರೆ ಅದಿಲ್ಲದೆ ಏನೂ ನಡೆಯುವುದಿಲ್ಲ. ಅದಕ್ಕೇ ಇಡೀ ಡಿಸ್ಕನ್ನು ಕ್ಲೋನ್ ಮಾಡಬೇಕು, ಅಂದರೆ ಎಲ್ಲ ಪಾರ್ಟಿಷನ್‌ಗಳ ಸಮೇತ ಇದ್ದ ಹಾಗೇ ನಕಲು ಮಾಡಬೇಕು.

ಕ್ಲೋನ್‌ಗೆ ಕೈ ಹಾಕುವ ಮುಂಚೆ ಹಳೆ ಡಿಸ್ಕ್ ಗಟ್ಟಿಯಾಗಿದೆಯಾ ನೋಡಿ. ಕ್ಲೋನ್ ಅಂದರೆ ವರ್ಷಗಟ್ಟಲೆ ದುಡಿದ ಡಿಸ್ಕನ್ನು ಒಂದೇ ಸಮನೆ ಗಂಟೆಗಟ್ಟಲೆ ಓದಿಸುವುದು. ಸಾಯಲು ಕಾಯುತ್ತಿರುವ ಡಿಸ್ಕ್ ಎಷ್ಟೋ ಸಲ ಕೈಕೊಡುವುದು ಆವಾಗಲೇ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ತೆರೆದು 'ಕರೆಂಟ್ ಪೆಂಡಿಂಗ್ ಸೆಕ್ಟರ್' (ಓದಲು ತೊಂದರೆ ಕೊಡುತ್ತಿರುವ ಜಾಗಗಳ ಲೆಕ್ಕ) ಸಾಲಿನಲ್ಲಿ 'ರಾ ವ್ಯಾಲ್ಯೂಸ್' ಕೆಳಗಿನ ಸಂಖ್ಯೆ ನೋಡಿ. ಅಲ್ಲಿ ಸೊನ್ನೆ ಇದ್ದರೆ ಮುಂದುವರಿಯಿರಿ. ಸೊನ್ನೆ ಬಿಟ್ಟು ಬೇರೇನಿದ್ದರೂ, ಅಥವಾ ಡಿಸ್ಕ್ ಒಳಗಿಂದ ಟಕ್ ಟಕ್ ಸದ್ದು ಬರುತ್ತಿದ್ದರೂ, ಮಾಮೂಲಿ ಕ್ಲೋನ್ ಬೇಡ. ಸದ್ದು ಬರುವ ಡಿಸ್ಕ್‌ನಲ್ಲಿ ಬೆಲೆಬಾಳುವುದೇನಾದರೂ ಇದ್ದರೆ ಆಫ್ ಮಾಡಿ, ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ. ಸದ್ದಿಲ್ಲದೆ ಸೆಕ್ಟರ್ ಮಾತ್ರ ಕೆಟ್ಟಿದ್ದರೆ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅನ್ನುವ ಸಾಫ್ಟ್‌ವೇರ್ ಇದೆ. ಅದು ಚೆನ್ನಾಗಿರುವ ಜಾಗವನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ಕೆಟ್ಟ ಜಾಗಕ್ಕೆ ಕೊನೆಯಲ್ಲಿ ಮತ್ತೆ ಬರುತ್ತದೆ.

ಡಿಸ್ಕ್ ಗಟ್ಟಿಯಾಗೇ ಇರಲಿ, ಫೋಟೋ ಮತ್ತು ಮುಖ್ಯ ಕಾಗದಪತ್ರಗಳ ಒಂದು ಪ್ರತಿಯನ್ನು ಬೇರೆ ಡ್ರೈವ್‌ಗೆ ಹಾಕಿಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂದೇ ಕಂಪನಿಯ, ಒಂದೇ ಅಳತೆಯ ಎರಡು ಡಿಸ್ಕ್ ಇಟ್ಟುಕೊಂಡು ಕ್ಲೋನ್ ಮಾಡಲು ಕೂತಿದ್ದೆ. ಯಾವುದರಿಂದ ಯಾವುದಕ್ಕೆ ಅನ್ನುವುದನ್ನು ತಿರುಗಾ ಮುರುಗಾ ಆರಿಸಿದೆ. ಖಾಲಿ ಡಿಸ್ಕ್ ತುಂಬಿದ ಡಿಸ್ಕಿನ ಮೇಲೆ ಬರೆದುಕೊಂಡಿತು. ಎರಡು ವರ್ಷದ ಫೋಟೋಗಳು ಹೋದವು, ಮತ್ತೆ ಸಿಗಲಿಲ್ಲ.

ಆವತ್ತಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಡಿಸ್ಕಿನ ಮೇಲಿನ ಲೇಬಲ್‌ನಲ್ಲಿ ಸೀರಿಯಲ್ ನಂಬರ್ ಇರುತ್ತದಲ್ವಾ, ಅದರ ಕೊನೆಯ ನಾಲ್ಕು ಅಕ್ಷರಗಳನ್ನು ಚೀಟಿಯಲ್ಲಿ ಬರೆಯುತ್ತೇನೆ. ಒಂದರ ಎದುರು 'ಹಳೆಯದು', ಇನ್ನೊಂದರ ಎದುರು 'ಹೊಸದು'. ಡಿಸ್ಕ್ ಲ್ಯಾಪ್‌ಟಾಪ್ ಒಳಗೇ ಇದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಕೂಡ ಆ ನಂಬರ್ ತೋರಿಸುತ್ತದೆ. ಆ ಚೀಟಿ ಕೀಬೋರ್ಡ್ ಪಕ್ಕದಲ್ಲೇ ಇರಬೇಕು.

ಈಗ ಹೊಸ ಡಿಸ್ಕ್ ತರುವ ಮಾತು. ಎಂ.2 ಅನ್ನುವ ಚಿಕ್ಕ ಪಟ್ಟಿಯಂಥ ಎಸ್‌ಎಸ್‌ಡಿಗಳು ನೋಡಲು ಒಂದೇ ಥರ ಇದ್ದರೂ, ಲ್ಯಾಪ್‌ಟಾಪ್ ಜೊತೆ ಮಾತಾಡುವ ಬಗೆ ಬೇರೆ: ಕೆಲವು ಸಾಟಾ, ಕೆಲವು ಎನ್‌ವಿಎಂಇ. ನಿಮ್ಮ ಲ್ಯಾಪ್‌ಟಾಪ್ ಯಾವುದನ್ನು ಒಪ್ಪುತ್ತದೆ ಅಂತ ಮಾಡೆಲ್ ನಂಬರ್ ಹಾಕಿ ಹುಡುಕಿ. ಅಕ್ಕನದಕ್ಕೆ 2.5 ಇಂಚಿನ ಸಾಟಾ ಸಾಕಾಯಿತು. ಹೊಸದು ಹಳೆಯದಕ್ಕಿಂತ ದೊಡ್ಡದಿರಲಿ. ಚಿಕ್ಕದಾದರೆ ಮೊದಲು ಪಾರ್ಟಿಷನ್ ಕುಗ್ಗಿಸಬೇಕು, ಕೆಲಸ ಜಾಸ್ತಿ.

ಡಿಸ್ಕಿನ ಡೇಟಾಗೆ ಬೀಗ ಹಾಕಿಡುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿ. ನಿಮಗೆ ಗೊತ್ತಿಲ್ಲದೆಯೇ ಆನ್ ಆಗಿರಬಹುದು. ರಿಕವರಿ ಕೀ ಬರೆದಿಟ್ಟುಕೊಂಡು ಅದನ್ನು ಆಫ್ ಮಾಡಿ, ಆ ಬೀಗ ಪೂರ್ತಿ ಬಿಚ್ಚಿಕೊಳ್ಳುವ ತನಕ ಕಾಯಿರಿ. ಆಮೇಲೆ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ. ಹಾಗೆ ಮಾಡದಿದ್ದರೆ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ, ಕ್ಲೋನ್ ಸಾಫ್ಟ್‌ವೇರ್ ತಕರಾರು ತೆಗೆಯುತ್ತದೆ.

ಕ್ಲೋನ್ ಮಾಡಲು ನಾನು ಬಳಸುವ ಸಾಫ್ಟ್‌ವೇರ್ ಕ್ಲೋನ್‌ಜಿಲ್ಲಾ. ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತದೆ. ನೋಡಲು ಬರೀ ನೀಲಿ, ಬೂದು ಪರದೆ, ಮೌಸ್ ಬೇಕಿಲ್ಲ. ಹೊಸ ಎಸ್‌ಎಸ್‌ಡಿಯನ್ನು ಸಾಟಾ ಯುಎಸ್‌ಬಿ ಕೇಬಲ್‌ನಲ್ಲಿ ಹೊರಗೆ ಸಿಕ್ಕಿಸಿ. 'ಡಿವೈಸ್ ಟು ಡಿವೈಸ್', 'ಬಿಗಿನರ್', 'ಡಿಸ್ಕ್ ಟು ಲೋಕಲ್ ಡಿಸ್ಕ್' ಆರಿಸಿ. ಆಮೇಲೆ ಸೋರ್ಸ್ (ಹಳೆಯದು) ಕೇಳುತ್ತದೆ, ಅದರ ನಂತರ ಟಾರ್ಗೆಟ್ (ಹೊಸದು). ಇಲ್ಲಿ ಚೀಟಿ ಎತ್ತಿಕೊಳ್ಳಿ. ಪಟ್ಟಿಯಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಕಾಣುತ್ತದೆ. ಕೆಲವು ಯುಎಸ್‌ಬಿ ಕೇಬಲ್‌ಗಳು ಹೊರಗಿನ ಡಿಸ್ಕಿನ ನಿಜವಾದ ನಂಬರ್ ತೋರಿಸುವುದಿಲ್ಲ. ಆಗ ಒಳಗಿನ ಹಳೆ ಡಿಸ್ಕಿನ ನಂಬರ್ ಹಿಡಿದು ಗುರುತಿಸಿ. ಬರೆಯುವ ಮುಂಚೆ ಎರಡು ಸಲ ಖಚಿತ ಮಾಡಿಕೊಳ್ಳುತ್ತದೆ. ಎರಡೂ ಸಲ ಅಕ್ಷರ ಅಕ್ಷರ ತಾಳೆ ನೋಡಿ 'ವೈ' ಒತ್ತಿ. ಅಕ್ಕನ 180 ಜಿಬಿ ಸಾಗಲು ಸುಮಾರು ಒಂದು ಗಂಟೆ ಹಿಡಿಯಿತು. ಚಾರ್ಜರ್ ಹಾಕಿಯೇ ಇರಲಿ.

ಮುಗಿದ ಮೇಲೆ ಎರಡೂ ಡಿಸ್ಕ್ ಸಿಕ್ಕಿಸಿಕೊಂಡು ವಿಂಡೋಸ್ ಶುರು ಮಾಡಬೇಡಿ. ಎರಡಕ್ಕೂ ಒಂದೇ ಗುರುತು ಇರುವುದರಿಂದ ಅದಕ್ಕೆ ಗೊಂದಲ. ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಬಿಚ್ಚಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ. ಹಿಂಬದಿಯ ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ. ಕಾಗದದ ಮೇಲೆ ಲ್ಯಾಪ್‌ಟಾಪಿನ ಚೌಕ ಬರೆದು, ಆಯಾ ಜಾಗದಲ್ಲೇ ಸ್ಕ್ರೂ ಇಟ್ಟುಕೊಳ್ಳಿ.

ಬೂಟ್ ಆದ ಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 1 ಟಿಬಿ ಬದಲು 931 ಜಿಬಿ ಕಂಡರೆ ಗಾಬರಿ ಬೇಡ. ತಯಾರಿಸುವವರು 1000ದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ. ಅರ್ಧ ಜಾಗ ಖಾಲಿ ಬಿದ್ದಿದ್ದರೂ ಸಿ ಡ್ರೈವ್ ಹಿಗ್ಗದಿದ್ದರೆ, ಮಧ್ಯದಲ್ಲಿ ರಿಕವರಿ ಪಾರ್ಟಿಷನ್ ಕೂತಿದೆ ಅಂತ ಅರ್ಥ. ಜಿಪಾರ್ಟೆಡ್ ಅನ್ನುವ ಪಾರ್ಟಿಷನ್ ಸಾಫ್ಟ್‌ವೇರ್ ಬಳಸಿ ಅದನ್ನು ಕೊನೆಗೆ ಸರಿಸಿ, ಆಮೇಲೆ ಸಿ ಹಿಗ್ಗಿಸಿ. ಬಿಟ್‌ಲಾಕರ್ ಆಫ್ ಮಾಡಿದ್ದರೆ ಮತ್ತೆ ಆನ್ ಮಾಡಿ.

ಹಳೆ ಡಿಸ್ಕನ್ನು ಒಂದು ತಿಂಗಳು ಮುಟ್ಟಬೇಡಿ. ಅಕ್ಕನದರ ಮೇಲೆ ತಾರೀಖು ಬರೆದು ಡ್ರಾಯರ್‌ನಲ್ಲಿ ಇಟ್ಟಿದ್ದೇನೆ. ತಿಂಗಳಾದ ಮೇಲೆ ಯಾರಿಗಾದರೂ ಕೊಡುವುದಾದರೆ 'ಕ್ವಿಕ್ ಫಾರ್ಮ್ಯಾಟ್' ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ಕ್ವಿಕ್‌ನಲ್ಲಿ ಫೈಲ್‌ಗಳು ಒಳಗೇ ಉಳಿದಿರುತ್ತವೆ.